ಕೊಂಕ್ ಹಳ್ಳಿ ಮತ್ತು ಸಂತ ಫ್ವಾ: ಪದೇ ಪದೇ ಕೇಳುವ ಪ್ರಶ್ನೆಗಳು

ಫ್ರಾನ್ಸ್ ಅಂದರೆ ಪ್ಯಾರಿಸ್, ಐಫೆಲ್ ಗೋಪುರ ಎಂದುಕೊಂಡವರಿಗೆ ಕೊಂಕ್ ಹೆಸರು ಹೇಳಿದರೆ ಮೊದಲು ನಗು ಬರುತ್ತದೆ. ಆಮೇಲೆ ಪ್ರಶ್ನೆಗಳು ಶುರುವಾಗುತ್ತವೆ. ಜಾಸ್ತಿ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಕೊಂಕ್ ಎಲ್ಲಿದೆ?

ದಕ್ಷಿಣ ಫ್ರಾನ್ಸಿನ ಅವೇರೋಂ ಜಿಲ್ಲೆಯಲ್ಲಿ. ಹಿಂದೆ ಈ ಸೀಮೆಗೆ ರುಎರ್ಗ್ ಎಂಬ ಹೆಸರಿತ್ತು. ಜಿಲ್ಲೆಯ ಮುಖ್ಯ ಪಟ್ಟಣ ರೊದೆಜ್ ಇಲ್ಲಿಂದ ಸುಮಾರು 40 ಕಿ.ಮೀ. ದೂರ. ಊಷ್ ಎಂಬ ಹಳ್ಳ ಕೆಳಗಿಳಿದು ದೂರ್ದು ನದಿಯನ್ನು ಸೇರುವ ಕಡೆ, ಕಣಿವೆಯ ಇಳಿಜಾರಿಗೆ ಊರು ಅಂಟಿಕೊಂಡು ಕೂತಿದೆ. ಸುತ್ತ ಕಾಡು, ಕಾಡಿನ ತುಂಬ ಚೆಸ್ಟ್‌ನಟ್ ಮರ. ಮೇಲಿನ ರಸ್ತೆಯಿಂದ ನೋಡಿದರೆ ಮೊದಲು ಕಾಣುವುದು ಚರ್ಚಿನ ಮೂರು ಗೋಪುರ. ಮನೆಗಳು ಆಮೇಲೆ.

ಹೆಸರಿನ ಅರ್ಥ ಏನು? ನಮ್ಮ ‘ಕೊಂಕು’ಗೂ ಅದಕ್ಕೂ ಏನಾದರೂ ನಂಟಿದೆಯಾ?

ಇಲ್ಲ, ಉಚ್ಚಾರ ಹತ್ತಿರ ಇದೆ ಅಷ್ಟೆ. ‘ಕೊಂಕ್’ ಬಂದದ್ದು ಚಿಪ್ಪು ಎಂಬ ಅರ್ಥದ ಲ್ಯಾಟಿನ್ ಪದದಿಂದ. ಕಣಿವೆಯೇ ಚಿಪ್ಪಿನ ಆಕಾರದಲ್ಲಿದೆ, ಅದಕ್ಕೆ ಈ ಹೆಸರು. ಮುಂದೆ ಚಿಪ್ಪು ಸ್ಪೇನಿನ ಸಾಂತಿಯಾಗೋಗೆ ಹೋಗುವ ಯಾತ್ರಿಕರ ಗುರುತಾಯಿತು, ಈ ಊರು ಯಾತ್ರಿಕರ ತಂಗುದಾಣವಾಯಿತು. ಎರಡೂ ಕಾಕತಾಳೀಯ.

ಊರು ಎಷ್ಟು ದೊಡ್ಡದು?

ತುಂಬ ಚಿಕ್ಕದು. ಹಳೆಯ ಕೊಂಕ್ ಗ್ರಾಮದ ಜನಸಂಖ್ಯೆ ಮುನ್ನೂರನ್ನೂ ಮುಟ್ಟುತ್ತಿರಲಿಲ್ಲ. 2016ರ ಜನವರಿ 1ರಂದು ಪಕ್ಕದ ಮೂರು ಗ್ರಾಮಗಳನ್ನು ಸೇರಿಸಿ ‘ಕೊಂಕ್-ಆಂ-ರುಎರ್ಗ್’ ಎಂಬ ಒಂದೇ ಸ್ಥಳೀಯ ಆಡಳಿತ ಮಾಡಿದರು. ಮನೆಗಳ ಗೋಡೆಗೆ ಸ್ಥಳೀಯ ಪದರುಗಲ್ಲು, ನಡುನಡುವೆ ಮರದ ಚೌಕಟ್ಟು. ಮಾಡಿಗೆ ಹೆಂಚಿನ ಬದಲು ಕಲ್ಲಿನ ಚಪ್ಪಡಿ. ಓಣಿಗಳು ಎಷ್ಟು ಕಡಿದಾಗಿವೆ ಎಂದರೆ ಒಂದು ಮನೆಯ ಮಾಡು ಇನ್ನೊಂದು ಮನೆಯ ಅಂಗಳದ ಮಟ್ಟಕ್ಕೆ ಬರುತ್ತದೆ.

ಇಂಥ ಮೂಲೆಯಲ್ಲಿ ಮಠ ಹುಟ್ಟಿದ್ದು ಹೇಗೆ?

ಮೂಲೆ ಎಂಬುದೇ ಕಾರಣ. 8ನೇ ಶತಮಾನದ ಕೊನೆಯಲ್ಲಿ ದಾದೋಂ ಎಂಬ ವಿರಕ್ತನೊಬ್ಬ ಜನರ ಕಣ್ಣಿಗೆ ಬೀಳದ ಜಾಗ ಹುಡುಕಿಕೊಂಡು ಇಲ್ಲಿಗೆ ಬಂದ. ಒಬ್ಬನೇ ಇರಬೇಕೆಂದು ಬಂದವನ ಸುತ್ತ ಶಿಷ್ಯರು ಸೇರಿದರು. ಬೆನೆಡಿಕ್ಟ್ ಸಂತರ ನಿಯಮ ಪಾಲಿಸುವ ಮಠವಾಯಿತು. 819ರಲ್ಲಿ ಚಕ್ರವರ್ತಿ ಲೂಯಿ ಮಠಕ್ಕೆ ಭೂಮಿ, ಸವಲತ್ತು ಕೊಟ್ಟು ಸನ್ನದು ಬರೆದುಕೊಟ್ಟ. ಈತ ಶಾರ್ಲಮೇನ್ ಮಹಾಚಕ್ರವರ್ತಿಯ ಮಗ.

ಆದರೂ ಒಂದು ಕೊರತೆ ಉಳಿಯಿತು. ಮಠಕ್ಕೆ ಹೆಸರು ಬರಬೇಕಾದರೆ ಒಬ್ಬ ಸಂತನ ಮೂಳೆಗಳು ಬೇಕಿತ್ತು. ಅವಿಲ್ಲದಿದ್ದರೆ ಭಕ್ತರಿಲ್ಲ, ಹರಕೆ ಇಲ್ಲ, ಕಾಣಿಕೆ ಇಲ್ಲ. ಕೊಂಕಿನಲ್ಲಿ ಅಂಥದ್ದೇನೂ ಇರಲಿಲ್ಲ. ಮುಂದಿನ ಕಥೆಯೆಲ್ಲ ಶುರುವಾಗುವುದು ಇಲ್ಲಿಂದ.

ಸಂತ ಫ್ವಾ ಯಾರು?

ಆಜೆಂ ಎಂಬ ಊರಿನ ಹುಡುಗಿ. ಫ್ರೆಂಚಿನಲ್ಲಿ ‘ಫ್ವಾ’ ಅಂದರೆ ನಂಬಿಕೆ. ಸಂಪ್ರದಾಯದ ಪ್ರಕಾರ ಅವಳಿಗೆ ಆಗ 12 ವರ್ಷ. ಸುಮಾರು 303ರಲ್ಲಿ, ರೋಮನ್ ಚಕ್ರವರ್ತಿ ಡಯೊಕ್ಲೀಷಿಯನ್ ಕಾಲದಲ್ಲಿ, ಕ್ರೈಸ್ತರ ಮೇಲೆ ದಮನ ನಡೆಯುತ್ತಿತ್ತು. ರೋಮನ್ ದೇವತೆಗಳಿಗೆ ಬಲಿ ಕೊಡು ಎಂದರು, ಹುಡುಗಿ ಒಲ್ಲೆ ಎಂದಳು. ಕಾದ ಕಬ್ಬಿಣದ ಮಂಚದ ಮೇಲೆ ಮಲಗಿಸಿ ಸುಟ್ಟರು, ಕೊನೆಗೆ ತಲೆ ಕಡಿದರು ಎಂದು ಕಥೆ ಹೇಳುತ್ತದೆ. ಅವಳ ಹಬ್ಬ ಅಕ್ಟೋಬರ್ 6. ಬದುಕಿದ್ದಾಗ ಅವಳು ಕೊಂಕಿಗೆ ಕಾಲಿಟ್ಟದ್ದೇ ಇಲ್ಲ.

ಹಾಗಾದರೆ ಅವಳ ಮೂಳೆ ಇಲ್ಲಿಗೆ ಬಂದದ್ದು ಹೇಗೆ? ಕದ್ದರಂತೆ, ನಿಜಾನಾ?

ಹೌದು, ಕದ್ದರು. ಇದನ್ನು ಕೊಂಕಿನವರೇ ಹೇಳಿಕೊಂಡು ಬಂದಿದ್ದಾರೆ.

ಮಠದವರ ಕಣ್ಣು ಮೊದಲು ಬಿದ್ದದ್ದು ಸ್ಪೇನಿನ ಸಂತ ವಿನ್ಸೆಂಟನ ಮೂಳೆಗಳ ಮೇಲೆ. ಅದು ಕೈಗೂಡಲಿಲ್ಲ. ಆಮೇಲೆ ಆಜೆಂ ಕಡೆ ನೋಡಿದರು. ಕಥೆಯ ಪ್ರಕಾರ ಅರೊನಿಸ್ದ್ ಎಂಬ ಸನ್ಯಾಸಿಯನ್ನು ಅಲ್ಲಿಗೆ ಕಳಿಸಿದರು. ಅವನು ತಾನು ಯಾರೆಂದು ಹೇಳದೆ ಅಲ್ಲಿನ ಪಾದ್ರಿಗಳ ಜೊತೆ ಸೇರಿಕೊಂಡ. ಒಂದೆರಡು ದಿನವಲ್ಲ, ಹತ್ತು ವರ್ಷ! ನಡತೆಯಿಂದ ಎಲ್ಲರ ನಂಬಿಕೆ ಗಳಿಸಿದ. ಕೊನೆಗೆ ಸಂತಳ ಸಮಾಧಿಯ ಕಾವಲನ್ನೇ ಅವನಿಗೆ ಒಪ್ಪಿಸಿದರು. ಒಂದು ರಾತ್ರಿ ಒಬ್ಬನೇ ಇದ್ದಾಗ ಸಮಾಧಿ ಒಡೆದು ಮೂಳೆಗಳನ್ನು ಚೀಲಕ್ಕೆ ತುಂಬಿಕೊಂಡು ಕೊಂಕಿನ ದಾರಿ ಹಿಡಿದ. ಇದು ಸುಮಾರು 866ರ ಮಾತು. ಬೇಲಿಯೇ ಎದ್ದು ಹೊಲ ಮೇಯ್ದದ್ದು ಅಂದರೆ ಇದೇ ತಾನೆ!

ಹತ್ತು ವರ್ಷದ ಲೆಕ್ಕವನ್ನು ಹೇಳುವವರು ಸ್ವಲ್ಪ ಉಬ್ಬಿಸಿರಬಹುದು. ಮೂಳೆ ಆಜೆಂನಿಂದ ಕೊಂಕಿಗೆ ಬಂದದ್ದು ಮಾತ್ರ ಕಥೆಯಲ್ಲ.

ಸನ್ಯಾಸಿಗಳಿಗೆ ಕಳ್ಳತನ ಪಾಪ ಅನ್ನಿಸಲಿಲ್ವಾ?

ಆ ಕಾಲದವರ ತರ್ಕ ಬೇರೆ ಇತ್ತು. ಸಂತರು ಸತ್ತಿಲ್ಲ, ಮೂಳೆಯಲ್ಲೇ ಬದುಕಿದ್ದಾರೆ ಎಂದು ನಂಬಿದ್ದರು. ಸಂತಳಿಗೆ ಇಷ್ಟವಿಲ್ಲದಿದ್ದರೆ ಅವಳನ್ನು ಅಲುಗಾಡಿಸಲೂ ಆಗದು. ಬಂದಳು ಅಂದರೆ ಬರುವ ಮನಸ್ಸಿತ್ತು ಎಂದೇ ಅರ್ಥ! ಅವರು ಇದನ್ನು ಕಳ್ಳತನ ಎನ್ನದೆ ‘ಸ್ಥಳಾಂತರ’ ಎಂದು ಕರೆದರು. ಮಧ್ಯಯುಗದ ಯುರೋಪಿನಲ್ಲಿ ಇಂಥ ಕಳ್ಳತನಗಳು ಬೇಕಾದಷ್ಟು ನಡೆದಿವೆ. ಅವುಗಳನ್ನು ಹೊಗಳಿ ಬರೆಯುವುದೇ ಒಂದು ಸಾಹಿತ್ಯ ಪ್ರಕಾರವಾಗಿತ್ತು.

ಕೇಳಲು ಅನುಕೂಲದ ತರ್ಕ, ಅಲ್ವಾ? ಆಜೆಂನವರು ಏನಂದುಕೊಂಡರೋ!

ಇಷ್ಟು ದೂರದ ಹಳ್ಳಿಯ ಹೆಸರು ಹರಡಿದ್ದು ಹೇಗೆ?

ಒಬ್ಬ ಕುರುಡನ ಕಥೆಯಿಂದ. ಗಿಬೇರ್ ಎಂಬವನ ಯಜಮಾನ, ಅವನೊಬ್ಬ ಪಾದ್ರಿ, ಹೊಟ್ಟೆಕಿಚ್ಚಿನಿಂದ ಗಿಬೇರ್‌ನ ಎರಡೂ ಕಣ್ಣು ಕಿತ್ತುಹಾಕಿಸಿದನಂತೆ. ಒಂದು ವರ್ಷ ಅವನು ಕುರುಡನಾಗಿ, ಅಲ್ಲಲ್ಲಿ ಆಡಿ ಹಾಡಿ ಹೊಟ್ಟೆ ಹೊರೆದ. ಆಮೇಲೆ ಸಂತ ಫ್ವಾಳ ಹಬ್ಬದ ಹಿಂದಿನ ರಾತ್ರಿ ಅವಳ ಸನ್ನಿಧಿಯಲ್ಲಿ ಮಲಗಿದ್ದಾಗ ಕಣ್ಣು ಮರಳಿ ಬಂತು. ಇದು ಸುಮಾರು 983ರಲ್ಲಿ. ಸುದ್ದಿ ಹಬ್ಬಿತು, ಜನ ಮುಗಿಬಿದ್ದರು.

ನನಗೆ ಇಷ್ಟವಾದದ್ದು ಕಥೆಯ ಮುಂದಿನ ಭಾಗ. ಮಠದವರು ಗಿಬೇರ್‌ಗೆ ಮೇಣದ ಬತ್ತಿ ಮಾರುವ ಕೆಲಸ ಕೊಟ್ಟರು. ಬರುವ ಭಕ್ತರೆಲ್ಲ ಅವನ ಹತ್ತಿರವೇ ಬತ್ತಿ ಕೊಂಡರು. ದುಡ್ಡು ಬಂತು, ದುಡ್ಡಿನ ಜೊತೆ ಮದವೂ ಬಂತು. ದಾರಿ ತಪ್ಪಿದಾಗ ಮತ್ತೆ ಒಂದು ಕಣ್ಣು ಹೋಯಿತಂತೆ. ಪವಾಡ ಪಡೆದವನು ಅಂದಮೇಲೆ ಒಳ್ಳೆಯವನೇ ಆಗಿರಬೇಕು ಎಂದು ಈ ಕಥೆ ಬರೆದವರು ನಟಿಸಲಿಲ್ಲ.

ಸಂತ ಫ್ವಾಳ ‘ತಮಾಷೆ’ಗಳು ಅಂತಾರಲ್ಲ, ಏನದು?

ಅವಳ ಪವಾಡಗಳಲ್ಲಿ ಹಲವನ್ನು ಆ ಕಾಲದವರೇ ಲ್ಯಾಟಿನ್ನಿನಲ್ಲಿ ‘ಆಟ’, ‘ತಮಾಷೆ’ ಎಂದು ಕರೆದಿದ್ದಾರೆ. ಅವಳು ಹನ್ನೆರಡು ವರ್ಷದ ಹುಡುಗಿ ಎಂಬುದನ್ನು ಯಾರೂ ಮರೆಯಲಿಲ್ಲ. ಸತ್ತ ಹೇಸರಗತ್ತೆಯನ್ನು ಎಬ್ಬಿಸುತ್ತಾಳೆ. ಒಡವೆ ಕಂಡರೆ ಅವಳಿಗೆ ಪ್ರಾಣ. ತುಲೂಸ್ ಸೀಮೆಯ ಒಡೆಯ ಕೌಂಟನ ಹೆಂಡತಿ ಆರ್ಸಿಂದಳ ಕನಸಿಗೆ ಬಂದು, ನಿನ್ನ ಚಿನ್ನದ ಕಡಗ ಕೊಡು ಎಂದು ನೇರವಾಗಿ ಕೇಳಿದಳು. ಆರ್ಸಿಂದಳೇನು ಕಡಿಮೆಯೇ? ಗಂಡು ಮಗು ಕೊಡು, ಕಡಗ ಕೊಡ್ತೀನಿ ಎಂದಳು. ಒಪ್ಪಂದ ಕುದುರಿತು.

ಇನ್ನೊಂದು ಉಂಗುರದ ಕಥೆ. ಸಾಯುವ ಹೆಂಗಸೊಬ್ಬಳು ತನ್ನ ಉಂಗುರವನ್ನು ಸಂತಳಿಗೆ ಹರಕೆ ಹೊತ್ತಳು. ಗಂಡ ಅದನ್ನು ಒಪ್ಪಿಸದೆ ಎರಡನೆಯ ಮದುವೆಯಲ್ಲಿ ಹೊಸ ಹೆಂಡತಿಗೆ ತೊಡಿಸಿದ. ಬೆರಳು ಊದಿತು, ನೋವು ತಡೆಯಲಾಗಲಿಲ್ಲ, ಉಂಗುರ ಬಿಚ್ಚಲು ಬರಲಿಲ್ಲ. ಗಂಡ ಹೆಂಡತಿ ಇಬ್ಬರೂ ಕೊಂಕಿಗೆ ಓಡಿಬಂದರು. ಪ್ರಾರ್ಥನೆಯ ನಡುವೆ ಅವಳು ಮೂಗು ಸೀಟಿದಳು, ಉಂಗುರ ಠಣ್ಣೆಂದು ಹಾರಿ ನೆಲಕ್ಕೆ ಬಿತ್ತು.

ಸೆರೆಯಾಳುಗಳನ್ನು ಬಿಡಿಸುವುದು ಅವಳಿಗೆ ಇದ್ದ ದೊಡ್ಡ ಹೆಸರು. ಬಿಡುಗಡೆಯಾದವರು ಬೇಡಿಗಳನ್ನು ಹೊತ್ತು ತಂದು ಹರಕೆ ಒಪ್ಪಿಸುತ್ತಿದ್ದರು. ರಾಶಿ ಬಿದ್ದ ಆ ಬೇಡಿಗಳನ್ನು ಕರಗಿಸಿಯೇ ಚರ್ಚಿನೊಳಗಿನ ಕಬ್ಬಿಣದ ಜಾಲರಿಗಳನ್ನು ಮಾಡಿದರು ಎಂದು ಪ್ರತೀತಿ. ಪೀಠದ ಸುತ್ತ ಆ ಜಾಲರಿಗಳನ್ನು ಈಗಲೂ ನೋಡಬಹುದು.

ಅವಳ ಚಿನ್ನದ ಮೂರ್ತಿಯ ಬಗ್ಗೆ ಹೇಳಿ.

ಎತ್ತರ ಸುಮಾರು 85 ಸೆಂ.ಮೀ. ಸಿಂಹಾಸನದ ಮೇಲೆ ನೆಟ್ಟಗೆ ಕೂತ ಭಂಗಿ. ಒಳಗೆ ಮರ, ಹೊರಗೆ ಚಿನ್ನದ ತಗಡು, ಅದರ ಮೇಲೆ ಶತಮಾನಗಳ ಕಾಲ ಭಕ್ತರು ಕೊಟ್ಟ ಒಡವೆ, ಹರಳು, ರೋಮನ್ ಕಾಲದ ಕೆತ್ತನೆಯ ಮಣಿಗಳು. ಒಳಗಡೆ ಸಂತಳ ತಲೆಬುರುಡೆಯ ಭಾಗ ಇಡಲು ಜಾಗ. 9 ಮತ್ತು 10ನೇ ಶತಮಾನದಲ್ಲಿ ರೂಪುಗೊಂಡು, ಆಮೇಲೂ ಒಡವೆ ಸೇರುತ್ತಲೇ ಹೋದ ಮೂರ್ತಿ ಇದು. ಇಂಥ ಮೂರ್ತಿಗಳು ಆಗ ಈ ಸೀಮೆಯಲ್ಲಿ ಹಲವಿದ್ದವು. ಅಷ್ಟು ಹಳೆಯದರಲ್ಲಿ ಇಷ್ಟು ಪೂರ್ತಿಯಾಗಿ ಉಳಿದದ್ದು ಇದೊಂದೇ.

ಮುಖ ನೋಡಿದರೆ ಹುಡುಗಿಯ ಹಾಗೆ ಕಾಣುವುದಿಲ್ಲ. ದೊಡ್ಡ ಕಣ್ಣು, ಗಡಸು ಮುಖ, ಸ್ವಲ್ಪ ಭಯ ಹುಟ್ಟಿಸುವ ನೋಟ. ಅದಕ್ಕೆ ಕಾರಣ ಇದೆ. 1950ರ ದಶಕದಲ್ಲಿ ಮೂರ್ತಿಯನ್ನು ಬಿಚ್ಚಿ ಪರೀಕ್ಷಿಸಿದಾಗ ತಲೆ ಬೇರೆ, ಮೈ ಬೇರೆ ಎಂಬುದು ಖಚಿತವಾಯಿತು. ತಲೆ ರೋಮನ್ ಸಾಮ್ರಾಜ್ಯದ ಕೊನೆಗಾಲದ್ದು, ಮೈಗಿಂತ ಕೆಲವು ಶತಮಾನ ಹಳೆಯದು. ಯಾವನೋ ಚಕ್ರವರ್ತಿಯ ತಲೆ ಇರಬೇಕು ಎಂದು ಹಲವು ವಿದ್ವಾಂಸರ ಊಹೆ. ರೋಮನ್ನರು ಕೊಂದ ಹುಡುಗಿಗೆ ರೋಮನ್ ತಲೆಯನ್ನೇ ಕೂರಿಸಿ, ಮೇಲೆ ಕಿರೀಟ ಇಟ್ಟಿದ್ದಾರೆ!

ಕ್ರೈಸ್ತರು ಮೂರ್ತಿಯನ್ನು ಪೂಜಿಸಬಹುದಾ? ಆಗ ಯಾರೂ ಆಕ್ಷೇಪಿಸಲಿಲ್ವಾ?

ಆಕ್ಷೇಪಿಸಿದರು. ಆ ಆಕ್ಷೇಪ ಬರಹದಲ್ಲೇ ಉಳಿದಿದೆ. ಆಂಜೆಯ ಬೆರ್ನಾರ್ ಎಂಬ ಓದಿಕೊಂಡ ಪಾದ್ರಿ ಉತ್ತರದಿಂದ 1013ರಲ್ಲಿ ಇಲ್ಲಿಗೆ ಬಂದ. ಸಂತಳ ಪವಾಡಗಳು ನಿಜವೋ ಸುಳ್ಳೋ ನೋಡೋಣ ಎಂಬ ಕುತೂಹಲ. ದಾರಿಯಲ್ಲಿ ಓರಿಯಾಕ್ ಪಟ್ಟಣದಲ್ಲಿ ಇಂಥದ್ದೇ ಇನ್ನೊಬ್ಬ ಸಂತನ ಚಿನ್ನದ ಮೂರ್ತಿ ಕಂಡು ಜೊತೆಗಾರನ ಕಡೆ ತಿರುಗಿ ನಕ್ಕ. ಈ ವಿಗ್ರಹ ಹೇಗಿದೆ ನೋಡು, ಹಳೆಯ ರೋಮನ್ನರ ಜೂಪಿಟರ್ ದೇವರಿಗೂ ಇದು ಒಪ್ಪುತ್ತದೆ ಎಂಬ ಅರ್ಥದ ಕುಹಕ ಆಡಿದ. ಕೊಂಕಿಗೆ ಬಂದಾಗಲೂ ಮನಸ್ಸಿನಲ್ಲಿ ಅದೇ ಧಾಟಿ.

ಆಮೇಲೆ ಮನಸ್ಸು ಬದಲಾಯಿತು. ಜನ ಪೂಜಿಸುತ್ತಿರುವುದು ಲೋಹವನ್ನಲ್ಲ, ಅದು ಸಂತಳ ನೆನಪನ್ನು ಕಾಯುವ ಪೆಟ್ಟಿಗೆ ಎಂದು ಅವನಿಗೆ ಅನ್ನಿಸಿತು. ತಾನು ನಕ್ಕದ್ದನ್ನೂ ಮುಚ್ಚಿಡದೆ ಬರೆದ. ಮತ್ತೆ ಎರಡು ಸಲ ಬಂದು ಪವಾಡಗಳನ್ನು ಕೇಳಿ ಕೇಳಿ ದಾಖಲಿಸಿದ. ಮೂರ್ತಿಯನ್ನು ಆಡಿಕೊಂಡ ಒಬ್ಬ ಪಾದ್ರಿಗೆ ಅವಳು ರಾತ್ರಿ ಬಂದು ಕೋಲಿನಿಂದ ಬಾರಿಸಿದ ಕಥೆಯೂ ಅವನದೇ ಬರಹದಲ್ಲಿದೆ. ಮೇಲೆ ಹೇಳಿದ ಕಡಗ, ಉಂಗುರ, ಗಿಬೇರ್ ಕಥೆಗಳೂ ಹಾಗೆಯೇ ಉಳಿದವು. ಮೂರ್ತಿಯನ್ನು ನಂಬಿಯೇ ಬೆಳೆದ ಓದುಗರಿಗೆ ಬೆರ್ನಾರ್‌ನ ಗೊಂದಲ ಸ್ವಲ್ಪ ವಿಚಿತ್ರ ಅನ್ನಿಸಬಹುದು. ಆದರೆ ಸಾವಿರ ವರ್ಷದ ಹಿಂದೆ ಒಬ್ಬ ಮನುಷ್ಯ ತನ್ನ ಅಭಿಪ್ರಾಯ ಬದಲಿಸಿದ್ದನ್ನು ತಾನೇ ಒಪ್ಪಿ ಬರೆದದ್ದು ಸಣ್ಣ ವಿಷಯವಲ್ಲ.

ಮಠದ ಖಜಾನೆಯಲ್ಲಿ ‘ಎ’ ಅಕ್ಷರದ ಆಕಾರದ ವಸ್ತು ಇದೆಯಂತೆ?

ಇದೆ. ಶಾರ್ಲಮೇನ್ ತಾನು ಕಟ್ಟಿಸಿದ ಮಠಗಳಿಗೆಲ್ಲ ಒಂದೊಂದು ಅಕ್ಷರ ಕೊಟ್ಟ, ಮೊದಲ ಅಕ್ಷರ ಕೊಂಕಿಗೆ ಸಿಕ್ಕಿತು ಎಂಬುದು ಮಠದವರು ಹೇಳಿಕೊಂಡ ಕಥೆ. ವಸ್ತು ತಯಾರಾದದ್ದು ಸುಮಾರು 1100ರಲ್ಲಿ, ಬೆಗೋಂ ಎಂಬ ಮಠಾಧಿಪತಿಯ ಕಾಲದಲ್ಲಿ. ಆಗ ಶಾರ್ಲಮೇನ್ ಸತ್ತು ಹೆಚ್ಚುಕಡಿಮೆ ಮುನ್ನೂರು ವರ್ಷ ಆಗಿತ್ತು. ನಾವೇ ಮೊದಲು ಎಂದು ಹೇಳಿಕೊಳ್ಳುವ ಆಸೆ ಯಾರನ್ನೂ ಬಿಟ್ಟಿಲ್ಲ.

ಪಕ್ಕದ ಫಿಜಾಕ್ ಮಠದ ಜೊತೆ ಜಗಳ ಇತ್ತಾ?

ಜೋರಾಗಿಯೇ ಇತ್ತು. ಕೊಂಕಿನಲ್ಲಿ ಜಾಗ ಸಾಲದು ಎಂದು 9ನೇ ಶತಮಾನದಲ್ಲಿ ಫಿಜಾಕಿನಲ್ಲಿ ‘ಹೊಸ ಕೊಂಕ್’ ಎಂಬ ಮಠ ಹುಟ್ಟಿತು. ಯಾರು ಯಾರ ಅಧೀನ ಎಂದು ಇನ್ನೂರು ವರ್ಷಕ್ಕಿಂತ ಜಾಸ್ತಿ ಕಚ್ಚಾಡಿದರು. ಎರಡೂ ಕಡೆಯವರು ಖೋಟಾ ಪತ್ರ ಸೃಷ್ಟಿಸಲೂ ಹಿಂಜರಿಯಲಿಲ್ಲ. 1096ರಲ್ಲಿ ನೀಮ್ ಪಟ್ಟಣದ ಧರ್ಮಸಭೆ ಎರಡನ್ನೂ ಬೇರೆ ಬೇರೆ ಮಾಡಿ ಮುಗಿಸಿತು.

ಈಗಿರುವ ಚರ್ಚ್ ಯಾವಾಗ ಕಟ್ಟಿದ್ದು? ಹಳ್ಳಿಗೆ ಇಷ್ಟು ದೊಡ್ಡ ಚರ್ಚ್ ಯಾಕೆ?

ಹಳ್ಳಿಗಾಗಿ ಅಲ್ಲ, ಬರುವ ಜನಕ್ಕಾಗಿ. 11ನೇ ಶತಮಾನದ ಮಧ್ಯದಲ್ಲಿ ಒದೊಲ್ರಿಕ್ ಎಂಬ ಮಠಾಧಿಪತಿ ಕೆಲಸ ಶುರುಮಾಡಿದ. ಮುಗಿದದ್ದು 12ನೇ ಶತಮಾನದ ಮೊದಲ ದಶಕಗಳಲ್ಲಿ. ಒಳಗೆ ಛಾವಣಿ ಸುಮಾರು 22 ಮೀಟರ್ ಎತ್ತರ. ಉದ್ದ ಅಷ್ಟೇನೂ ಇಲ್ಲ, ಇಳಿಜಾರಿನಲ್ಲಿ ಜಾಗ ಎಲ್ಲಿಂದ ಬರಬೇಕು? ಹಾಗಾಗಿ ಒಳಗೆ ಹೊಕ್ಕವರ ಕಣ್ಣು ತಾನಾಗಿ ಮೇಲಕ್ಕೆ ಹೋಗುತ್ತದೆ.

ಪೀಠದ ಹಿಂದೆ ಅರ್ಧವೃತ್ತಾಕಾರದ ಓಣಿ ಇದೆ. ಒಂದು ಕಡೆ ಬಂದವರು ಮೂಳೆಗಳ ಪೆಟ್ಟಿಗೆಗೆ ಸುತ್ತು ಹಾಕಿ ಇನ್ನೊಂದು ಕಡೆ ಹೊರಬರಬಹುದು. ನಡುವೆ ಸನ್ಯಾಸಿಗಳ ಪ್ರಾರ್ಥನೆ ತಮ್ಮ ಪಾಡಿಗೆ ನಡೆಯುತ್ತಿರುತ್ತದೆ. ಜನಜಂಗುಳಿ ಸಂಭಾಳಿಸಲು ಮಾಡಿದ ಏರ್ಪಾಡು ಇದು. ನಮ್ಮ ಪ್ರದಕ್ಷಿಣೆಯ ದಾರಿ ನೆನಪಾದರೆ ತಪ್ಪಿಲ್ಲ. ಕಲ್ಲು ಮೂರು ಬಗೆ: ಹಳದಿ ಸುಣ್ಣಕಲ್ಲು, ಕೆಂಪು ಮರಳುಗಲ್ಲು, ಸ್ಥಳೀಯ ಬೂದು ಪದರುಗಲ್ಲು. ಮುಂಭಾಗದ ಎರಡು ಗೋಪುರಗಳ ಮೇಲ್ಭಾಗ ಮಾತ್ರ 19ನೇ ಶತಮಾನದ ಕೊನೆಯದ್ದು.

ಬಾಗಿಲ ಮೇಲಿನ ಕೆತ್ತನೆ ಅಷ್ಟೊಂದು ಪ್ರಸಿದ್ಧ ಯಾಕೆ?

ಈ ಪ್ರಶ್ನೆಗೆ ಉತ್ತರ ಉದ್ದ ಆಗುತ್ತದೆ, ಕ್ಷಮೆ ಇರಲಿ.

ಪಶ್ಚಿಮದ ಬಾಗಿಲ ಮೇಲೆ ಅರ್ಧಚಂದ್ರಾಕಾರದ ಕಲ್ಲಿನ ಫಲಕ ಇದೆ. ಅಗಲ ಸುಮಾರು 6.7 ಮೀಟರ್, ಎತ್ತರ 3.6 ಮೀಟರ್. 12ನೇ ಶತಮಾನದ ಮೊದಲ ಭಾಗದ ಕೆಲಸ. ಒಟ್ಟು 124 ಆಕೃತಿಗಳು. ವಿಷಯ: ಲೋಕದ ಕೊನೆಯಲ್ಲಿ ನಡೆಯುವ ಅಂತಿಮ ತೀರ್ಪು. ನಡುವೆ ದೊಡ್ಡದಾಗಿ ಕ್ರಿಸ್ತ. ಬಲಗೈ ಮೇಲೆ, ಆ ಕಡೆ ಸ್ವರ್ಗ. ಎಡಗೈ ಕೆಳಗೆ, ಆ ಕಡೆ ನರಕ. ನೋಡುವವರಿಗೆ ಎಡಬಲ ತಿರುಗುಮುರುಗು ಆಗುತ್ತದೆ, ನೆನಪಿಡಿ.

ಸ್ವರ್ಗದ ಸಾಲಿನಲ್ಲಿ ಮೊದಲು ಮಾತೆ ಮರಿಯ, ಹಿಂದೆ ಬೀಗದ ಕೈ ಹಿಡಿದ ಸಂತ ಪೇತ್ರ. ಆಮೇಲೆ ಬರುವವರು ಕೊಂಕಿನ ಜನ! ಕೋಲು ಹಿಡಿದವನು ದಾದೋಂ ಎನ್ನುತ್ತಾರೆ. ಅವನ ಹಿಂದೆ ಒಬ್ಬ ಮಠಾಧಿಪತಿ ಒಬ್ಬ ರಾಜನ ಕೈ ಹಿಡಿದು ನಡೆಸಿಕೊಂಡು ಬರುತ್ತಿದ್ದಾನೆ. ರಾಜ ಶಾರ್ಲಮೇನ್ ಎಂದು ನಂಬಿಕೆ. ಅವನ ಮುಖದಲ್ಲಿ ಗತ್ತು ಇಲ್ಲ, ಅಳುಕು ಇದೆ. ಹಿಂದೆ ಆಳುಗಳು ಮಠಕ್ಕೆ ಕೊಟ್ಟ ಕಾಣಿಕೆಗಳನ್ನು ಹೊತ್ತು ಬರುತ್ತಿದ್ದಾರೆ. ಇವನಿಂದ ಪಾಪ ಆಗಿರಬಹುದು, ಆದರೆ ನಮಗೆ ಕೊಟ್ಟದ್ದನ್ನೂ ಲೆಕ್ಕಕ್ಕೆ ಹಿಡಿಯಿರಿ ಎಂದು ಮಠದವರು ಶಿಫಾರಸು ಮಾಡಿದ ಹಾಗಿದೆ.

ಅದರ ಕೆಳಗೆ ಒಂದು ಮೂಲೆಯಲ್ಲಿ ಸಂತ ಫ್ವಾ. ಮಂಡಿಯೂರಿ ಬಾಗಿದ್ದಾಳೆ. ಮೋಡದಿಂದ ದೇವರ ಕೈ ಹೊರಬಂದು ಅವಳ ತಲೆಯ ಕಡೆ ಚಾಚಿದೆ. ಹಿಂದಿನ ಕಮಾನುಗಳಲ್ಲಿ ಬಿಡುಗಡೆಯಾದ ಕೈದಿಗಳ ಬೇಡಿಗಳು ನೇತಾಡುತ್ತಿವೆ. ಇಡೀ ಫಲಕದಲ್ಲಿ ಅವಳದ್ದು ಬಹಳ ಸಣ್ಣ ಜಾಗ. ಅವಳೇ ಊರಿನ ಒಡತಿ, ಆದರೂ ಮೂಲೆಯಲ್ಲಿದ್ದಾಳೆ. ನನಗೆ ಈ ಸಂಯಮ ತುಂಬ ಹಿಡಿಸುತ್ತದೆ.

ನರಕದ ಕಡೆ ಶಿಲ್ಪಿ ಸಂಯಮ ಬಿಟ್ಟಿದ್ದಾನೆ. ಜಿಪುಣನನ್ನು ಕುತ್ತಿಗೆಗೆ ಹಣದ ಚೀಲ ಕಟ್ಟಿ ನೇಣುಹಾಕಿದ್ದಾರೆ. ಸೊಕ್ಕಿನ ಸರದಾರ ಕುದುರೆಯಿಂದ ತಲೆಕೆಳಗಾಗಿ ಬೀಳುತ್ತಿದ್ದಾನೆ. ಒಬ್ಬನ ನಾಲಿಗೆ ಕೀಳುತ್ತಿದ್ದಾರೆ. ಕುಡುಕನನ್ನು ತಲೆಕೆಳಗೆ ತೂಗುಹಾಕಿದ್ದಾರೆ. ಖೋಟಾ ನಾಣ್ಯ ಮಾಡುವವನಿದ್ದಾನೆ. ಬೇಟೆಗಾರನೊಬ್ಬನನ್ನು ಸಲಾಕೆಗೆ ಚುಚ್ಚಿ ಬೇಯಿಸುತ್ತಿದ್ದಾರೆ. ಬೇಯಿಸುತ್ತಿರುವ ದೆವ್ವಕ್ಕೆ ಮೊಲದ ಮುಖ! ಬಲೆಗೆ ಸಿಕ್ಕಿಬಿದ್ದ ಧರ್ಮಗುರುಗಳೂ ಇದ್ದಾರೆ. ಮಠದವರು ತಮ್ಮವರನ್ನೂ ಬಿಟ್ಟಿಲ್ಲ.

ನಡುವೆ ತಕ್ಕಡಿ. ಒಂದು ಕಡೆ ದೇವದೂತ ಮಿಕಾಯೇಲ, ಇನ್ನೊಂದು ಕಡೆ ದೆವ್ವ. ದೆವ್ವ ಬೆರಳಿನಿಂದ ತಕ್ಕಡಿ ಒತ್ತಿ ತೂಕದಲ್ಲಿ ಮೋಸ ಮಾಡಲು ನೋಡುತ್ತಿದೆ. ಸಂತೆಯಲ್ಲಿ ವ್ಯಾಪಾರ ಮಾಡಿ ಗೊತ್ತಿರುವ ಯಾರಿಗೂ ಇದನ್ನು ವಿವರಿಸಬೇಕಾಗಿರಲಿಲ್ಲ. ಕೆಳಗಡೆ ಲ್ಯಾಟಿನ್ನಿನಲ್ಲಿ ಎಚ್ಚರಿಕೆ ಕೆತ್ತಿದ್ದಾರೆ: ಪಾಪಿಗಳೇ, ನಡತೆ ತಿದ್ದಿಕೊಳ್ಳದಿದ್ದರೆ ಕಠಿಣ ತೀರ್ಪು ಕಾದಿದೆ ಎಂದು.

ಕೊನೆಗೆ ಕಮಾನಿನ ಹೊರ ಅಂಚನ್ನು ನೋಡಿ. ಸಣ್ಣ ಸಣ್ಣ ಮುಖಗಳು ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಇಣುಕುತ್ತಿವೆ. ಕಣ್ಣು, ಮೂಗು, ಬೆರಳು ಅಷ್ಟೇ ಕಾಣುವುದು. ಅವರಿಗೆ ‘ಕುತೂಹಲಿಗಳು’ ಎಂದೇ ಹೆಸರು. ಜಗತ್ತೇ ಮುಗಿಯುತ್ತಿದೆ, ಇವರು ಪಕ್ಕದ ಮನೆ ಜಗಳ ನೋಡುವವರ ಹಾಗೆ ಬೇಲಿ ಮೇಲಿಂದ ನೋಡುತ್ತಿದ್ದಾರೆ!

ಅದಕ್ಕೆ ಬಣ್ಣ ಇತ್ತಾ?

ಇತ್ತು. ನೀಲಿ, ಕೆಂಪು, ಹಳದಿಯ ಕುರುಹುಗಳು ಈಗಲೂ ಅಲ್ಲಲ್ಲಿ ಉಳಿದಿವೆ.

ಸಾಂತಿಯಾಗೋ ಯಾತ್ರೆಗೂ ಕೊಂಕಿಗೂ ಏನು ಸಂಬಂಧ?

ಸ್ಪೇನಿನ ಸಾಂತಿಯಾಗೋ ದೆ ಕೊಂಪೊಸ್ತೆಲಾದಲ್ಲಿ ಸಂತ ಯಾಕೋಬನ ಸಮಾಧಿ ಇದೆ ಎಂದು ನಂಬಿಕೆ. ಅಲ್ಲಿಗೆ ಫ್ರಾನ್ಸಿನಿಂದ ಹೋಗುವ ಹಳೆಯ ದಾರಿಗಳಲ್ಲಿ ಒಂದು ಲ ಪ್ವಿ ಪಟ್ಟಣದಿಂದ ಹೊರಡುತ್ತದೆ. ಕೊಂಕ್ ಅದೇ ದಾರಿಯಲ್ಲಿದೆ. 12ನೇ ಶತಮಾನದ ಯಾತ್ರಾ ಮಾರ್ಗದರ್ಶಿಯೊಂದು, ಆ ದಾರಿಯವರು ಇಲ್ಲಿ ಸಂತ ಫ್ವಾಳ ದರ್ಶನ ಮಾಡಲೇಬೇಕು ಎಂದು ಹೇಳುತ್ತದೆ. ಈಗಲೂ ಸಾವಿರಾರು ಜನ ನಡೆಯುತ್ತಾರೆ. ಲ ಪ್ವಿಯಿಂದ ಇಲ್ಲಿಗೆ ಸುಮಾರು 200 ಕಿ.ಮೀ., ನಡೆದರೆ ಹತ್ತು ದಿನದ ಹಾದಿ. ಎಷ್ಟೋ ಜನ ಕೊಂಕಿಗೇ ನಿಲ್ಲಿಸಿ ಮನೆಗೆ ಹೋಗುತ್ತಾರೆ. ಚರ್ಚ್ ಮತ್ತು ದೂರ್ದು ನದಿಯ ಹಳೆಯ ಸೇತುವೆ, ಎರಡೂ 1998ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಈ ಯಾತ್ರಾ ದಾರಿಗಳ ಭಾಗವಾಗಿ ಸೇರಿದವು.

ಇಷ್ಟು ವೈಭವ ಇದ್ದ ಊರು ಸೊರಗಿದ್ದು ಹೇಗೆ?

ನಿಧಾನವಾಗಿ. ಯಾತ್ರಿಕರು ಕಡಿಮೆಯಾದರು, ಯುದ್ಧ, ಪಿಡುಗು ಬಂದವು. 16ನೇ ಶತಮಾನದಲ್ಲಿ ಕ್ಯಾಥೊಲಿಕರು ಮತ್ತು ಪ್ರೊಟೆಸ್ಟಂಟರ ನಡುವಿನ ಕಾಳಗದಲ್ಲಿ ಚರ್ಚಿಗೆ ಬೆಂಕಿ ಬಿತ್ತು.

ಫ್ರೆಂಚ್ ಕ್ರಾಂತಿಯಲ್ಲಿ ಚಿನ್ನದ ಮೂರ್ತಿ ಕರಗದೆ ಉಳಿದದ್ದು ಹೇಗೆ?

ಊರಿನವರಿಂದ. ಕ್ರಾಂತಿ ಸರ್ಕಾರ ಮಠಗಳನ್ನು ಮುಚ್ಚಿಸಿತು. ಚರ್ಚುಗಳ ಚಿನ್ನ ಬೆಳ್ಳಿಯನ್ನು ಕರಗಿಸಿ ನಾಣ್ಯ ಮಾಡಲು ಊರೂರಿಗೆ ಅಧಿಕಾರಿಗಳು ಬಂದರು. ಫ್ರಾನ್ಸಿನ ಎಷ್ಟೋ ಖಜಾನೆಗಳು ಹೀಗೇ ಕುಲುಮೆಗೆ ಹೋದವು. ಕೊಂಕಿನವರು ರಾತ್ರೋರಾತ್ರಿ ಖಜಾನೆ ಖಾಲಿ ಮಾಡಿದರು. ಒಬ್ಬೊಬ್ಬರು ಒಂದೊಂದು ವಸ್ತು ಮನೆಗೆ ಒಯ್ದು, ಅಟ್ಟದಲ್ಲಿ, ಹಿತ್ತಲಲ್ಲಿ, ಚೆಸ್ಟ್‌ನಟ್ ಒಣಗಿಸುವ ಗೂಡುಗಳಲ್ಲಿ ಬಚ್ಚಿಟ್ಟರು. ಅಧಿಕಾರಿಗಳು ಬಂದಾಗ, ಎಲ್ಲ ಲೂಟಿಯಾಗಿ ಹೋಯಿತು ಎಂದರು.

ಆಗ ಇದು ಬಡ ಊರು. ಚೆಸ್ಟ್‌ನಟ್ ತಿಂದೇ ಚಳಿಗಾಲ ಕಳೆಯುವ ಸೀಮೆ. ಮನೆಯಲ್ಲಿ ಚಿನ್ನ ಇದೆ, ಕೇಳುವವರಿಲ್ಲ. ಒಂದು ಹರಳು ಕಿತ್ತು ಮಾರಿದ್ದರೂ ವರ್ಷಗಟ್ಟಲೆ ಊಟ ಆಗುತ್ತಿತ್ತು. ಗಲಾಟೆ ತಣ್ಣಗಾದ ಮೇಲೆ ವಸ್ತುಗಳು ಒಂದೊಂದಾಗಿ ಚರ್ಚಿಗೆ ಮರಳಿದವು. ಸಾವಿರ ವರ್ಷದ ಹಿಂದೆ ಆಜೆಂನಿಂದ ಚೀಲದಲ್ಲಿ ಬಂದವಳನ್ನು ಈ ಊರು ಎರಡನೆಯ ಸಲ ಕದ್ದದ್ದು ಹೀಗೆ. ಈ ಸಲ ವಾಪಸ್ ಕೊಟ್ಟಿತು.

ಮೂಳೆಗಳು ಏನಾದವು?

ಅವನ್ನು ಹಿಂದೆ ಯಾವಾಗಲೋ ಪೀಠದ ಹಿಂದಿನ ಗೋಡೆಯೊಳಗೆ ಬಚ್ಚಿಟ್ಟು ಕಟ್ಟಿಬಿಟ್ಟಿದ್ದರು. 1875ರಲ್ಲಿ ದುರಸ್ತಿ ಕೆಲಸ ನಡೆದಾಗ ಪೆಟ್ಟಿಗೆ ಸಿಕ್ಕಿತು.

ಕಟ್ಟಡವನ್ನು ಉಳಿಸಿದವರು ಯಾರು?

ಪ್ರೊಸ್ಪೆ ಮೆರಿಮೆ. ಕಥೆಗಾರ, ಜೊತೆಗೆ ಸರ್ಕಾರದ ಐತಿಹಾಸಿಕ ಸ್ಮಾರಕಗಳ ಇನ್ಸ್‌ಪೆಕ್ಟರ್. 1837ರಲ್ಲಿ ಕೊಂಕಿಗೆ ಬಂದ. ಇಂಥ ಕಾಡುಮೂಲೆಯಲ್ಲಿ ಇಷ್ಟು ಸಂಪತ್ತು ಇರಬಹುದೆಂದು ತಾನು ಎಣಿಸಿರಲಿಲ್ಲ ಎಂದು ವರದಿಯಲ್ಲಿ ಬರೆದ. ಛಾವಣಿ, ಗೋಡೆಗಳು ಬೀಳುವ ಸ್ಥಿತಿಯಲ್ಲಿದ್ದವು. ಅವನ ವರದಿಯ ನಂತರ ದುರಸ್ತಿಗೆ ಹಣ ಬಂತು. ಅಷ್ಟರಲ್ಲಿ ಮಠದ ಒಳಾಂಗಣದ ಬಹುಪಾಲು ಹೋಗಿತ್ತು. ಊರಿನವರೇ ಅದರ ಕಲ್ಲುಗಳನ್ನು ಮನೆ ಕಟ್ಟಲು ಒಯ್ದಿದ್ದರು. ಹೌದು, ಚಿನ್ನ ಮರಳಿಸಿದ ಅದೇ ಊರಿನವರು! ಕಲ್ಲು ಯಾರಿಗೂ ದೇವರ ವಸ್ತು ಅನ್ನಿಸಿರಲಿಕ್ಕಿಲ್ಲ. ಈಗ ಪಶ್ಚಿಮದ ಕೆಲವು ಕಮಾನುಗಳು ಮಾತ್ರ ಉಳಿದಿವೆ.

ಕಿಟಕಿಗಳಲ್ಲಿ ಚಿತ್ರವೇ ಇಲ್ಲವಲ್ಲ, ಯಾಕೆ?

ಅವು ಪಿಯೆರ್ ಸುಲಾಜ್ ಮಾಡಿದ ಕಿಟಕಿಗಳು. ಸುಲಾಜ್ 1919ರಲ್ಲಿ ರೊದೆಜಿನಲ್ಲಿ ಹುಟ್ಟಿದವರು. ಕಪ್ಪು ಬಣ್ಣದ ಚಿತ್ರಗಳಿಂದ ಜಗತ್ತಿಗೆಲ್ಲ ಹೆಸರಾದವರು. ಹುಡುಗನಾಗಿದ್ದಾಗ ಈ ಚರ್ಚಿನೊಳಗೆ ನಿಂತಾಗಲೇ ಕಲಾವಿದನಾಗಬೇಕು ಎಂದು ನಿರ್ಧರಿಸಿದೆ ಎಂದು ಹೇಳುತ್ತಿದ್ದರು. 1980ರ ದಶಕದಲ್ಲಿ ಸರ್ಕಾರ ಅವರಿಗೆ ಇಲ್ಲಿನ ಎಲ್ಲ 104 ಕಿಟಕಿಗಳ ಕೆಲಸ ಒಪ್ಪಿಸಿತು. ಮುಗಿದದ್ದು 1994ರಲ್ಲಿ.

ಬಣ್ಣ ಇಲ್ಲ, ಸಂತರ ಚಿತ್ರ ಇಲ್ಲ. ಬಿಳಿ ಗಾಜು, ಅದರ ಮೇಲೆ ಬಾಗಿದ ಕಪ್ಪು ಸೀಸದ ಗೆರೆಗಳು. ಬೆಳಕು ಒಳಗೆ ಬರಬೇಕು, ಆದರೆ ಹೊರಗಿನದು ಕಾಣಬಾರದು ಎಂಬಂಥ ಗಾಜು ಅವರಿಗೆ ಬೇಕಿತ್ತು. ಅಂಥದ್ದು ಎಲ್ಲೂ ಸಿಗಲಿಲ್ಲ. ನೂರಾರು ಪ್ರಯೋಗ ಮಾಡಿ ಹೊಸದಾಗಿ ತಯಾರಿಸಿದರು. ತುಲೂಸಿನ ಗಾಜಿನ ಕುಶಲಕರ್ಮಿಯೊಬ್ಬರು ಜೊತೆಗಿದ್ದರು. ಬೆಳಗ್ಗೆ ನೀಲಿಛಾಯೆ, ಸಂಜೆ ಕಿತ್ತಳೆ ಛಾಯೆ, ಎಲ್ಲ ಆ ಬಿಳಿ ಗಾಜಿನಲ್ಲೇ ಬರುತ್ತದೆ. ಹಳೆಯ ಬಣ್ಣದ ಕಿಟಕಿಗಳನ್ನು ತೆಗೆದದ್ದಕ್ಕೆ ಊರಿನಲ್ಲಿ ವಿರೋಧವೂ ಬಂತು. ಈಗ ಎಷ್ಟೋ ಜನ ಕಿಟಕಿ ನೋಡಲೆಂದೇ ಬರುತ್ತಾರೆ. ನನ್ನ ಮತ ಕೇಳಿದರೆ, ಈ ಬೂದು ಗೋಡೆಗಳಿಗೆ ಚಿತ್ರದ ಗಾಜಿಗಿಂತ ಇದೇ ಸರಿ. ಸುಲಾಜ್ 2022ರಲ್ಲಿ, 102ನೇ ವಯಸ್ಸಿನಲ್ಲಿ ತೀರಿಕೊಂಡರು.

ಈಗಲೂ ಅಲ್ಲಿ ಪೂಜೆ ನಡೆಯುತ್ತದಾ?

ನಡೆಯುತ್ತದೆ. ಹಳೆಯ ಬೆನೆಡಿಕ್ಟ್ ಸನ್ಯಾಸಿಗಳು ಇಲ್ಲ. 1873ರಲ್ಲಿ ರೊದೆಜಿನ ಬಿಷಪ್ ಪ್ರೆಮೊಂತ್ರೆ ಪಂಥದ ಗುರುಗಳನ್ನು ಕರೆಸಿದರು. ಬಿಳಿ ನಿಲುವಂಗಿಯ ಅವರು ಈಗಲೂ ಯಾತ್ರಿಕರನ್ನು ನೋಡಿಕೊಳ್ಳುತ್ತಾರೆ, ಉಳಿಯಲು ಜಾಗ, ಊಟ ಕೊಡುತ್ತಾರೆ. ರಾತ್ರಿ ಪ್ರಾರ್ಥನೆಯ ನಂತರ ಯಾತ್ರಿಕರನ್ನು ಆಶೀರ್ವದಿಸುತ್ತಾರೆ. ಆಮೇಲೆ ಒಬ್ಬರು ಬಾಗಿಲ ಮುಂದೆ ನಿಂತು ಕೆತ್ತನೆಯ ಕಥೆ ಹೇಳುವ ರೂಢಿ ಇದೆ, ನಗಿಸುತ್ತಲೇ ಹೇಳುತ್ತಾರೆ.

ಸಂತ ಫ್ವಾಳ ಹೆಸರು ಬೇರೆ ಕಡೆಯೂ ಇದೆಯಾ?

ಇದೆ. ಫ್ರಾನ್ಸಿನ ಅಲ್ಸಾಸ್ ಸೀಮೆಯ ಸೆಲೆಸ್ತಾ ಪಟ್ಟಣದಲ್ಲಿ ಅವಳ ಹೆಸರಿನ ದೊಡ್ಡ ಚರ್ಚ್ ಇದೆ. ಇಂಗ್ಲೆಂಡಿನ ನಾರ್ಫಕ್ ಜಿಲ್ಲೆಯ ಹಾರ್ಷಮ್ ಸೇಂಟ್ ಫೇತ್ ಎಂಬ ಊರಿನ ಕಥೆ ಸ್ವಾರಸ್ಯವಾಗಿದೆ. ಯಾತ್ರೆಯಿಂದ ಮರಳುತ್ತಿದ್ದ ಇಂಗ್ಲಿಷ್ ದಂಪತಿಯನ್ನು ದಕ್ಷಿಣ ಫ್ರಾನ್ಸಿನಲ್ಲಿ ದರೋಡೆಕೋರರು ಹಿಡಿದು ಕೂಡಿಹಾಕಿದರು. ಸಂತಳಿಗೆ ಮೊರೆಯಿಟ್ಟು ಬಿಡುಗಡೆಯಾದ ಅವರು ಕೊಂಕಿಗೆ ಬಂದು, ಊರಿಗೆ ಮರಳಿದ ಮೇಲೆ 12ನೇ ಶತಮಾನದ ಆರಂಭದಲ್ಲಿ ಅಲ್ಲೊಂದು ಮಠ ಕಟ್ಟಿಸಿದರು. ಹಳೆಯ ಒಕ್ಸಿತಾನ್ ಭಾಷೆಯಲ್ಲಿ ಅವಳ ಮೇಲೆ 11ನೇ ಶತಮಾನದ ಒಂದು ಕಾವ್ಯವೂ ಇದೆ. ಆ ಭಾಷೆಯಲ್ಲಿ ಉಳಿದಿರುವ ತೀರ ಹಳೆಯ ರಚನೆಗಳಲ್ಲಿ ಅದು ಒಂದು.

ಹೋಗುವುದು ಹೇಗೆ? ಎಷ್ಟು ದಿನ ಬೇಕು?

ಊರಿಗೆ ರೈಲು ಇಲ್ಲ. ರೊದೆಜ್‌ವರೆಗೆ ಹೋಗಿ ಅಲ್ಲಿಂದ ಕಾರು ಹಿಡಿಯುವುದೇ ಸುಲಭ. ಕೊಂಕಣ ಸುತ್ತಿ ಮೈಲಾರಕ್ಕೆ ಹೋದ ಹಾಗೆ ಅನ್ನಿಸುತ್ತದೆ, ರಸ್ತೆಯ ತಿರುವುಗಳು ಹಾಗಿವೆ. ಹಗಲಿನಲ್ಲಿ ಬಂದು ಹೋಗುವವರೇ ಜಾಸ್ತಿ. ಆಗುವುದಾದರೆ ಒಂದು ರಾತ್ರಿ ಉಳಿಯಿರಿ. ಸಂಜೆ ಬಸ್ಸುಗಳು ಹೊರಟುಹೋದ ಮೇಲೆ ಓಣಿಗಳು ಖಾಲಿಯಾಗುತ್ತವೆ. ಇಳಿಬಿಸಿಲು ಪಶ್ಚಿಮದ ಬಾಗಿಲಿಗೆ ಬಿದ್ದು ಕೆತ್ತನೆಯ ಒಂದೊಂದು ಮುಖವೂ ಬಿಡಿಸಿಕೊಂಡು ಕಾಣುತ್ತದೆ. ಮೂರ್ತಿ ಇರುವುದು ಚರ್ಚಿನೊಳಗಲ್ಲ, ಪಕ್ಕದ ಖಜಾನೆ ಸಂಗ್ರಹಾಲಯದಲ್ಲಿ, ಅದಕ್ಕೆ ಬೇರೆ ಟಿಕೆಟ್. ಕಾಲಿಗೆ ಒಳ್ಳೆ ಚಪ್ಪಲಿ ಇರಲಿ, ಕಲ್ಲು ಹಾಸಿದ ಓಣಿ ಮಳೆಗೆ ಜಾರುತ್ತದೆ.

ಯಾತ್ರಿಕರು ಇಲ್ಲಿಂದ ಮುಂದೆ ಯಾವ ಕಡೆ ಹೋಗುತ್ತಾರೆ?

ಇಳಿಜಾರಿನಲ್ಲಿ ಕೆಳಗಿಳಿದು, ಹಳೆಯ ಕಲ್ಲಿನ ಸೇತುವೆ ದಾಟಿ, ಎದುರಿನ ಗುಡ್ಡ ಹತ್ತುತ್ತಾರೆ. ಗುಡ್ಡದ ಮಧ್ಯೆ ಸಂತ ಫ್ವಾಳ ಪುಟ್ಟ ಗುಡಿಯಿದೆ, ಪಕ್ಕದಲ್ಲಿ ಒಂದು ಒರತೆ. ಅದರ ನೀರು ಕಣ್ಣಿಗೆ ಒಳ್ಳೆಯದು ಎಂದು ಹಳೆಯ ನಂಬಿಕೆ. ಹತ್ತಿ ಬಂದವರು ಅಲ್ಲಿನ ಗಂಟೆ ಬಾರಿಸುತ್ತಾರೆ. ಕಣಿವೆಯ ಈ ಕಡೆ ಊರಿನಲ್ಲಿ ಇನ್ನೂ ಕಾಫಿ ಕುಡಿಯುತ್ತಾ ಕೂತವರಿಗೆ ಆ ಸದ್ದು ಕೇಳಿಸುತ್ತದೆ.